ನಡುವೆ ಬದಲಾಗುವ ಔಷಧ ಪ್ರಯೋಗ: ಅಪ್ಪನನ್ನು ಸೇರಿಸಬಹುದಾ?

ಸುಮಾ ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 68 ವರ್ಷ. ಪ್ರೊಸ್ಟೇಟ್ ಕ್ಯಾನ್ಸರ್, ಮೂಳೆಗೂ ಹರಡಿದೆ. ಹಾರ್ಮೋನ್ ಇಂಜೆಕ್ಷನ್ ಶುರುವಾಗಿದೆ. ಹೋದ ವಾರ ಬೆಂಗಳೂರಿಗೆ ತೋರಿಸಲು ಹೋದಾಗ ಡಾಕ್ಟರು ಒಂದು ಕ್ಲಿನಿಕಲ್ ಟ್ರಯಲ್ ಬಗ್ಗೆ ಹೇಳಿದರು. ಮನೆಯಲ್ಲಿ ಓದಿ ನೋಡಿ ಅಂತ 14 ಪುಟದ ಸಮ್ಮತಿ ಪತ್ರ ಕೊಟ್ಟಿದ್ದಾರೆ.

ಮೊದಲ ಸಾಲೇ ಹೀಗಿದೆ: ‘ಇದು ಬಹುಶಾಖಾ ಹೊಂದಾಣಿಕಾ ವಿನ್ಯಾಸದ ಯಾದೃಚ್ಛೀಕೃತ ಅಧ್ಯಯನವಾಗಿರುತ್ತದೆ.’ ನಾನು ಡಿಗ್ರಿವರೆಗೂ ಕನ್ನಡ ಮೀಡಿಯಂ. ಮೂರು ಸಲ ಓದಿದರೂ ಅರ್ಥವಾಗಲಿಲ್ಲ. ಅಪ್ಪ ಕನ್ನಡಕ ತೆಗೆದು ಪಕ್ಕಕ್ಕಿಟ್ಟುಬಿಟ್ಟರು.

ನನಗೆ ಗೊತ್ತಾಗಿದ್ದು ಇಷ್ಟು. ನಾಲ್ಕು ಗುಂಪು ಇರುತ್ತವೆ. ಅಪ್ಪ ಯಾವ ಗುಂಪಿಗೆ ಅನ್ನುವುದನ್ನು ಯಾರೂ ಆರಿಸುವುದಿಲ್ಲ. ನಡುನಡುವೆ ಫಲಿತಾಂಶ ನೋಡಿ ಕೆಲವು ಗುಂಪು ನಿಲ್ಲಿಸಬಹುದು, ಹೊಸ ಗುಂಪು ಸೇರಿಸಬಹುದು. ನಮ್ಮ ಚಿಕ್ಕಪ್ಪ ಹೇಳುವುದು, ಆಟದ ನಡುವೆ ನಿಯಮ ಬದಲಿಸುವುದು ಅಂದರೆ ಮೋಸ, ಸೇರಲೇಬೇಡಿ ಅಂತ. ಇದು ನಿಜವಾಗಿಯೂ ವಿಜ್ಞಾನವಾ? ಅಪ್ಪನ ಗುಂಪೇ ನಿಂತುಹೋದರೆ ಅವರ ಗತಿ ಏನು? ಮುಂದಿನ ಗುರುವಾರ ಉತ್ತರ ಹೇಳಬೇಕು. ತಿಳಿದವರು ದಯವಿಟ್ಟು ಹೇಳಿ.

ಮಲ್ಲಿಗೆಬಳ್ಳಿ:
ಬೇಡಕ್ಕ. ವಯಸ್ಸಾದವರ ಮೇಲೆ ಪ್ರಯೋಗ ಯಾಕೆ? ಇರುವ ಚಿಕಿತ್ಸೆ ಚೆನ್ನಾಗಿ ಕೊಡಿಸಿ ಸಾಕು.

ಅಂಕಿಲೆಕ್ಕ ಮೈಸೂರು:
ಸುಮಾ ಅವರೇ, ನಾನು ಔಷಧ ಪ್ರಯೋಗಗಳ ಸಂಖ್ಯಾಶಾಸ್ತ್ರದಲ್ಲೇ ಕೆಲಸ ಮಾಡುವವನು. ನಿಮ್ಮ ಚಿಕ್ಕಪ್ಪನ ಪ್ರಶ್ನೆ ತುಂಬಾ ಸರಿಯಾದ ಪ್ರಶ್ನೆ. ಉತ್ತರ ಮಾತ್ರ ಬೇರೆ.

ಮನಸ್ಸಿಗೆ ಬಂದಾಗ ಬದಲಿಸಿದರೆ ಮೋಸವೇ. ಆದರೆ ಇಲ್ಲಿ ಬದಲಾವಣೆಯ ನಿಯಮವನ್ನೇ ಮೊದಲ ರೋಗಿ ಸೇರುವ ಮುಂಚೆ ಬರೆದಿಟ್ಟಿರುತ್ತಾರೆ. ಯಾವಾಗ ನೋಡುತ್ತೇವೆ, ಎಷ್ಟು ಸಲ ನೋಡುತ್ತೇವೆ, ಎಷ್ಟು ಕಡಿಮೆ ಲಾಭ ಕಂಡರೆ ಗುಂಪು ಮುಚ್ಚುತ್ತೇವೆ, ಎಲ್ಲವೂ ಪ್ರೋಟೋಕಾಲಿನಲ್ಲಿ, ಅಂದರೆ ಪ್ರಯೋಗದ ಬರೆದಿಟ್ಟ ಯೋಜನೆಯಲ್ಲಿ, ಇರುತ್ತದೆ. ಇಂಗ್ಲಿಷಿನಲ್ಲಿ ಅಡಾಪ್ಟಿವ್ ಡಿಸೈನ್ ಅನ್ನುತ್ತಾರೆ.

ನಿಮ್ಮಪ್ಪನ ಕಾಯಿಲೆಗೇ ಇದರ ಅತಿ ದೊಡ್ಡ ಉದಾಹರಣೆ ಇದೆ. ಬ್ರಿಟನ್ನಿನಲ್ಲಿ 2005ರಲ್ಲಿ ಶುರುವಾದ ಸ್ಟ್ಯಾಂಪೀಡ್ ಪ್ರಯೋಗ. ಅದಕ್ಕೆ ಸೇರಿದ್ದು ಪ್ರೊಸ್ಟೇಟ್ ಕ್ಯಾನ್ಸರ್‌ಗೆ ಹಾರ್ಮೋನ್ ಚಿಕಿತ್ಸೆ ಶುರು ಮಾಡುವವರು. ಒಂದು ಮಾಮೂಲಿ ಚಿಕಿತ್ಸೆಯ ಗುಂಪು, ಅದಕ್ಕೆ ಎದುರಾಗಿ ಐದು ಗುಂಪು. 2011ರಲ್ಲಿ ನಡುವಿನ ಲೆಕ್ಕ ನೋಡಿದಾಗ ಸೆಲೆಕಾಕ್ಸಿಬ್ ಕೊಡುತ್ತಿದ್ದ ಎರಡು ಗುಂಪಿನಲ್ಲಿ ಲಾಭ ಕಾಣಲಿಲ್ಲ. ಎರಡನ್ನೂ ಮುಚ್ಚಿದರು. ಅದೇ ವರ್ಷ ಅಬಿರಾಟೆರೋನ್ ಅನ್ನುವ ಹೊಸ ಮಾತ್ರೆಯ ಗುಂಪು ಸೇರಿಸಿದರು. ಡೋಸಿಟ್ಯಾಕ್ಸೆಲ್ ಕೀಮೋ ಮುಂಚೆಯೇ ಕೊಟ್ಟರೆ ಬದುಕು ಹೆಚ್ಚುತ್ತದೆ ಅಂತ 2015ರಲ್ಲಿ ಗೊತ್ತಾಯಿತು. ಅರ್ಧದಷ್ಟು ರೋಗಿಗಳು ಬದುಕಿರುವ ಅವಧಿ 71 ತಿಂಗಳಿಂದ 81 ತಿಂಗಳಿಗೆ ಏರಿತ್ತು. 2017ರಲ್ಲಿ ಅಬಿರಾಟೆರೋನ್ ಫಲಿತಾಂಶ ಬಂತು. ಮೂರು ವರ್ಷದ ನಂತರ ಬದುಕಿದ್ದವರು 76% ಬದಲು 83%. ಇದೆಲ್ಲಾ ಒಂದೇ ಪ್ರಯೋಗದಲ್ಲಿ. ಒಂದೊಂದು ಔಷಧಕ್ಕೂ ಬೇರೆ ಬೇರೆ ಪ್ರಯೋಗ ಹೂಡಿದ್ದರೆ ಪ್ರತಿಯೊಂದಕ್ಕೂ ಮತ್ತೆ ಒಂದು ಮಾಮೂಲಿ ಗುಂಪು, ಮತ್ತೆ ಅಷ್ಟು ವರ್ಷ.

ಇವತ್ತು ಡಾಕ್ಟರು ನಿಮ್ಮಪ್ಪನಿಗೆ ಇಂಜೆಕ್ಷನ್ ಜೊತೆ ಏನು ಕೊಡೋಣ ಅಂತ ಯೋಚಿಸುವಾಗ ಆ ರೋಗಿಗಳ ಲೆಕ್ಕವೂ ಅದರಲ್ಲಿ ಇರುತ್ತದೆ.

ಕಡೂರು ಬಸವ:
ಕ್ರಿಕೆಟ್ಟಿನಲ್ಲಿ ಮಳೆ ಬಂದರೆ ಡಕ್‌ವರ್ತ್ ಲೂಯಿಸ್ ಇದೆಯಲ್ಲ, ಹಾಗೆ. ಓವರ್ ಕಡಿಮೆಯಾಗುತ್ತದೆ, ಗುರಿ ಬದಲಾಗುತ್ತದೆ. ಆದರೆ ಸೂತ್ರ ಟಾಸ್‌ಗೆ ಮುಂಚೆಯೇ ಎರಡೂ ತಂಡಕ್ಕೆ ಗೊತ್ತು. ಚಿಕ್ಕಪ್ಪನಿಗೆ ಹೀಗೆ ಹೇಳಿ.

ಕಲಬುರಗಿ ಡಾಕ್ಟರ್:
ಬಸವ ಅವರೇ, ಉದಾಹರಣೆ ಚೆನ್ನಾಗಿದೆ. ಆದರೆ ಮುಖ್ಯವಾದ ಜಾಗದಲ್ಲೇ ತಪ್ಪುತ್ತದೆ. ಮಳೆ ಸ್ಕೋರ್ ನೋಡಿ ಬರುವುದಿಲ್ಲ. ಇಲ್ಲಿ ಸ್ಕೋರ್ ನೋಡಿಯೇ ಪಂದ್ಯ ನಿಲ್ಲಿಸುತ್ತಾರೆ. ಒಂದು ತಂಡ ಮುಂದೆ ಇರುವ ಹೊತ್ತಿನಲ್ಲೇ ನಿಲ್ಲಿಸಿದರೆ ಆ ತಂಡ ನಿಜಕ್ಕಿಂತ ಬಲಶಾಲಿಯಾಗಿ ಕಾಣುತ್ತದೆ, ಅಲ್ವಾ? ಬೇಗ ನಿಲ್ಲಿಸಿದ ಪ್ರಯೋಗಗಳಲ್ಲಿ ಔಷಧದ ಲಾಭ ದೊಡ್ಡದಾಗಿ ಕಾಣುವುದು ಇದೇ ಕಾರಣಕ್ಕೆ. ನಾನು ಈ ವಿಧಾನದ ವಿರೋಧಿ ಅಲ್ಲ. ಆದರೆ ಇದನ್ನು ಬರೀ ಹೊಗಳುವುದು ಸರಿಯಲ್ಲ.

ಕಡೂರು ಬಸವ:
ಸರಿ ಡಾಕ್ಟ್ರೇ, ಒಪ್ಪಿದೆ. ಮಳೆಗೂ ಸ್ಕೋರಿಗೂ ಸಂಬಂಧ ಇಲ್ಲ ಅನ್ನುವುದು ಹೊಳೆದಿರಲಿಲ್ಲ.

ಅಂಕಿಲೆಕ್ಕ ಮೈಸೂರು:
ಡಾಕ್ಟರು ಹೇಳಿದ್ದಕ್ಕೆ ಅಂಕಿ ಕೊಡುತ್ತೇನೆ. ಮಾಮೂಲಿಯಾಗಿ 5% ಗೆರೆ ಇಟ್ಟುಕೊಳ್ಳುತ್ತೇವೆ. ಅಂದರೆ ಏನೂ ಪ್ರಯೋಜನವಿಲ್ಲದ ಔಷಧ ಆಕಸ್ಮಿಕವಾಗಿ ಗೆದ್ದಂತೆ ಕಾಣುವುದು ನೂರರಲ್ಲಿ ಐದು ಸಲ. ಈಗ ಅದೇ ಗೆರೆಯಿಟ್ಟು ಕೊನೆಯದೂ ಸೇರಿ ಐದು ಸಲ ಇಣುಕಿ ನೋಡಿದರೆ ಆ ತಪ್ಪು 14%ಗೆ ಏರುತ್ತದೆ. ಹತ್ತು ಸಲ ನೋಡಿದರೆ 19%. ಇದನ್ನು 1969ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ.

ಪರಿಹಾರವೂ ಹಳೆಯದೇ. 1977ರಲ್ಲಿ ಪೋಕಾಕ್ ಅನ್ನುವ ಸಂಖ್ಯಾಶಾಸ್ತ್ರಜ್ಞರು ಹೇಳಿದ್ದು, ಐದು ಸಲ ನೋಡುವುದಾದರೆ ಪ್ರತಿಸಲವೂ ಗೆರೆಯನ್ನು ಸುಮಾರು 1.6%ಗೆ ಇಳಿಸಿ. 1979ರಲ್ಲಿ ಒಬ್ರಯನ್, ಫ್ಲೆಮಿಂಗ್ ಇನ್ನೊಂದು ದಾರಿ ತೋರಿಸಿದರು. ಶುರುವಿನಲ್ಲಿ ಗೆರೆ ತುಂಬಾ ಕಠಿಣ, ಕೊನೆಗೆ ಬರುತ್ತಾ ಸಡಿಲ. ಅಂದರೆ ಬೇಗ ನಿಲ್ಲಿಸಬೇಕಾದರೆ ಲಾಭ ಕಣ್ಣಿಗೆ ಹೊಡೆಯುವ ಹಾಗೆ ಇರಬೇಕು. ಇಣುಕುವುದಕ್ಕೆ ಬೆಲೆ ಕೊಡಲೇಬೇಕು. ಕೊಡದೆ ಇಣುಕಿದರೆ ಚಿಕ್ಕಪ್ಪ ಹೇಳಿದ ಮೋಸ ಅದೇ.

ಮಲ್ಲಿಗೆಬಳ್ಳಿ:
ಹಾಗಾದರೆ ಡಾಕ್ಟರೇ ನಡುವೆ ನೋಡುತ್ತಾ ಇರುತ್ತಾರಾ? ಅಪ್ಪನ ಗುಂಪು ಸೋಲುತ್ತಿದೆ ಅಂತ ಗೊತ್ತಿದ್ದೂ ಸುಮ್ನೆ ಇರುತ್ತಾರಾ? ನನಗೆ ಅದು ಸಹಿಸಲು ಆಗುವುದಿಲ್ಲ.

ಶೈಲಾ ಕೋಆರ್ಡಿನೇಟರ್:
ಇಲ್ಲ ಅಕ್ಕ. ನಾನು ಹನ್ನೊಂದು ವರ್ಷದಿಂದ ಟ್ರಯಲ್ ಕೋಆರ್ಡಿನೇಟರ್. ನಡುವಿನ ಲೆಕ್ಕ ನಮಗೂ ಗೊತ್ತಾಗುವುದಿಲ್ಲ, ಡಾಕ್ಟರಿಗೂ ಗೊತ್ತಾಗುವುದಿಲ್ಲ. ಅದನ್ನು ನೋಡುವುದಕ್ಕೇ ಹೊರಗಿನವರ ಒಂದು ಸಮಿತಿ ಇರುತ್ತದೆ. ನಾವು ಡಿಎಸ್‌ಎಂಬಿ ಅನ್ನುತ್ತೇವೆ. ಅವರು ಮುಚ್ಚಿದ ಬಾಗಿಲಿನ ಹಿಂದೆ ನೋಡಿ ‘ಮುಂದುವರಿಸಿ’, ‘ಈ ಗುಂಪು ನಿಲ್ಲಿಸಿ’ ಅಂತ ಅಷ್ಟೇ ಹೇಳುತ್ತಾರೆ. ಅಂಕಿ ಹೊರಗೆ ಬರುವುದಿಲ್ಲ. ಬಂದರೆ ಡಾಕ್ಟರು ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು ಅಂತ ಮನಸ್ಸಿನಲ್ಲೇ ಆರಿಸಲು ಶುರು ಮಾಡುತ್ತಾರೆ.

ನಮ್ಮ ಕೆಲಸ ಮಾತ್ರ ಇದರಲ್ಲಿ ಜಾಸ್ತಿ. ಒಂದು ಗುಂಪು ಸೇರಿತು ಅಂದರೆ ಪ್ರೋಟೋಕಾಲ್ ತಿದ್ದುಪಡಿ, ಎಥಿಕ್ಸ್ ಕಮಿಟಿ (ರೋಗಿಗಳ ಹಿತ ನೋಡುವ ಸಮಿತಿ) ಒಪ್ಪಿಗೆ, ಸಮ್ಮತಿ ಪತ್ರ ಮತ್ತೆ ಕನ್ನಡಕ್ಕೆ, ಅದನ್ನು ಬೇರೊಬ್ಬರು ಮತ್ತೆ ಇಂಗ್ಲಿಷಿಗೆ ತಂದು ಸರಿಯಿದೆಯಾ ನೋಡುವುದು. ಈಗಾಗಲೇ ಸೇರಿದವರನ್ನು ಕೂರಿಸಿಕೊಂಡು ಹೊಸ ವಿಷಯ ಹೇಳಿ ಮತ್ತೆ ಸಹಿ. ಫ್ರಿಜ್‌ನಲ್ಲಿರುವ ಔಷಧದ ಲೆಕ್ಕ ಬೇರೆ. ಆದರೂ ಕೆಲಸಕ್ಕೆ ಬಾರದ ಗುಂಪಿಗೆ ಕೊನೆಯವರೆಗೂ ಜನರನ್ನು ಸೇರಿಸುತ್ತಾ ಹೋಗುವುದಕ್ಕಿಂತ ಈ ಕೆಲಸ ಎಷ್ಟೋ ಮೇಲು.

ಲೆಸ್ಟರ್ ಕನ್ನಡತಿ:
ನಾನು ಇಲ್ಲಿ ಬ್ರಿಟನ್ನಿನ ಲೆಸ್ಟರ್‌ನಲ್ಲಿ ನರ್ಸ್. 2020ರ ಕೋವಿಡ್‌ನ ಆ ತಿಂಗಳುಗಳನ್ನು ಮರೆಯಲು ಆಗುವುದಿಲ್ಲ. ಪಿಪಿಇ ಹಾಕಿಕೊಂಡು ಬೆವರುತ್ತಾ ನಿಂತಿದ್ದೆವು. ಕೊಡಲು ಖಚಿತವಾದ ಔಷಧ ಒಂದೂ ಇರಲಿಲ್ಲ. ಆಗ ರಿಕವರಿ ಅನ್ನುವ ಪ್ರಯೋಗ ಬಂತು. ಆಕ್ಸ್‌ಫರ್ಡ್‌ನ ಪೀಟರ್ ಹಾರ್ಬಿ, ಮಾರ್ಟಿನ್ ಲ್ಯಾಂಡ್ರೇ ಅವರದು. ಮಾರ್ಚ್ 19ಕ್ಕೆ ಮೊದಲ ರೋಗಿ ಸೇರಿದರು. ಫಾರಂ ತುಂಬಾ ಚಿಕ್ಕದು. ಕಂಪ್ಯೂಟರಿನಲ್ಲಿ ತುಂಬಿದರೆ ಗುಂಪು ಬರುತ್ತಿತ್ತು. ಅದಕ್ಕೇ ಅಷ್ಟು ಒತ್ತಡದಲ್ಲೂ ಮಾಡಲು ಸಾಧ್ಯವಾಯಿತು.

ಜೂನ್ 5ಕ್ಕೆ ಹೈಡ್ರಾಕ್ಸಿಕ್ಲೋರೋಕ್ವಿನ್ ಗುಂಪು ಮುಚ್ಚಿತು. ಆ ಮಾತ್ರೆ ಕೊಟ್ಟವರಲ್ಲಿ 28 ದಿನದೊಳಗೆ ತೀರಿಕೊಂಡವರು 27%, ಕೊಡದವರಲ್ಲಿ 25%. ಊರಿನಿಂದ ತಮ್ಮ ಫೋನ್ ಮಾಡಿ ಆ ಮಾತ್ರೆ ಎಲ್ಲೂ ಸಿಗುತ್ತಿಲ್ಲ, ಕಳಿಸುತ್ತೀಯಾ ಅಂತ ಕೇಳಿದ್ದ. ಜೂನ್ 16ಕ್ಕೆ ಡೆಕ್ಸಾಮೆಥಸೋನ್ ಅನ್ನುವ ಸ್ಟೆರಾಯ್ಡ್‌ನ ಸುದ್ದಿ. ದಿನಕ್ಕೆ 6 ಮಿಲಿಗ್ರಾಂ, ಹತ್ತು ದಿನದವರೆಗೆ. ವೆಂಟಿಲೇಟರ್ ಮೇಲಿದ್ದವರಲ್ಲಿ ಸಾವು 41.4% ಇದ್ದದ್ದು 29.3% ಆಗಿತ್ತು. ಎಷ್ಟೋ ವರ್ಷದಿಂದ ಎಲ್ಲಾ ಆಸ್ಪತ್ರೆಯಲ್ಲೂ ಬಿದ್ದಿರುವ, ಕೆಲವೇ ರೂಪಾಯಿಯ ಔಷಧ. ಆ ರಾತ್ರಿ ಸ್ಟಾಫ್ ರೂಮಿನಲ್ಲಿ ನಾವು ಅತ್ತಿದ್ದೆವು. ಹಿಂದಿನ ವಾರ ಹೋದವರ ಮುಖಗಳು ಕಣ್ಣ ಮುಂದೆ ಇದ್ದವು.

ಮೂರು ತಿಂಗಳು. ಅಷ್ಟರಲ್ಲಿ ಒಂದು ಬೇಡ, ಒಂದು ಬೇಕು ಅಂತ ಗೊತ್ತಾಗಿತ್ತು.

ಕಲಬುರಗಿ ಡಾಕ್ಟರ್:
ಮೇಡಂ, ಓದಿ ಮನಸ್ಸು ಭಾರವಾಯಿತು. ಒಂದು ಮಾತು ಸೇರಿಸಬೇಕು. ಆಮ್ಲಜನಕವೇ ಬೇಕಿಲ್ಲದವರಿಗೆ ಡೆಕ್ಸಾ ಕೊಟ್ಟಾಗ ಲಾಭ ಕಾಣಲಿಲ್ಲ. ಅಂಥವರಲ್ಲಿ ಸಾವು 17.8%, ಕೊಡದವರಲ್ಲಿ 14%. ಆ ಭಾಗವನ್ನು ನಮ್ಮ ಕಡೆ ಎಷ್ಟೋ ಜನ ಗಮನಿಸಲೇ ಇಲ್ಲ. 2021ರ ಎರಡನೇ ಅಲೆಯಲ್ಲಿ ಜ್ವರ ಬಂದ ಮೊದಲ ದಿನವೇ ಮನೆಯಲ್ಲಿ ಸ್ಟೆರಾಯ್ಡ್ ನುಂಗಿದವರನ್ನು ನಾನು ನೋಡಿದ್ದೇನೆ. ಸಕ್ಕರೆ ಕಾಯಿಲೆ ಇದ್ದವರು ಆಮೇಲೆ ಕಪ್ಪು ಶಿಲೀಂಧ್ರ ಹಿಡಿಸಿಕೊಂಡು ಬಂದರು. ಕಣ್ಣು ತೆಗೆಯಬೇಕಾಯಿತು.

ಪ್ಲಾಸ್ಮಾ ಓಡಾಟ:
ನಾನು ಕೋವಿಡ್ ಬಂದ ಅಣ್ಣನಿಗೋಸ್ಕರ, ವಾಸಿಯಾದವರ ರಕ್ತದಿಂದ ತೆಗೆಯುವ ಪ್ಲಾಸ್ಮಾ ಹುಡುಕಿಕೊಂಡು ಬೆಂಗಳೂರು ಪೂರ್ತಿ ಅಲೆದವನು. ಐಸಿಎಂಆರ್ 39 ಆಸ್ಪತ್ರೆಗಳಲ್ಲಿ 464 ಜನರ ಮೇಲೆ ಪ್ರಯೋಗ ಮಾಡಿ, ಅದರಿಂದ ಲಾಭವಿಲ್ಲ ಅಂತ 2020ರಲ್ಲೇ ಹೇಳಿತ್ತು. ನನಗೆ ಯಾರೂ ಹೇಳಲಿಲ್ಲ. ಸರ್ಕಾರದ ಚಿಕಿತ್ಸಾ ಪಟ್ಟಿಯಿಂದ ಅದನ್ನು ತೆಗೆದಿದ್ದು 2021ರ ಮೇ ತಿಂಗಳಲ್ಲಿ. ಅಷ್ಟರಲ್ಲಿ ಅಣ್ಣ ಇರಲಿಲ್ಲ. ಪ್ರಯೋಗ ಎಷ್ಟು ಬೇಗ ಉತ್ತರ ಕೊಟ್ಟರೆ ಏನು, ಆ ಉತ್ತರ ವಾರ್ಡಿಗೆ ಬರದಿದ್ದರೆ?

ಶೈಲಾ ಕೋಆರ್ಡಿನೇಟರ್:
ಅಣ್ಣಾ, ಏನು ಹೇಳಲಿ. ನಿಮ್ಮ ಮಾತು ನೂರಕ್ಕೆ ನೂರು ನಿಜ.

ತೋಟದಮನೆ ತೀರ್ಥಹಳ್ಳಿ:
ನಾನು ಅಡಿಕೆ ಬೆಳೆಗಾರ. ಔಷಧದ ವಿಷಯ ಗೊತ್ತಿಲ್ಲ. ಆದರೆ ತೋಟದಲ್ಲಿ ಇಂಥದ್ದೇ ಮಾಡಿ ಮೋಸ ಹೋಗಿದ್ದೇನೆ, ಅದಕ್ಕೇ ಕೇಳುತ್ತೇನೆ. ಕೊಳೆ ರೋಗಕ್ಕೆ ಅರ್ಧ ತೋಟಕ್ಕೆ ಬೋರ್ಡೋ ದ್ರಾವಣ, ಅರ್ಧಕ್ಕೆ ಅಂಗಡಿಯವನು ಕೊಟ್ಟ ಹೊಸ ಔಷಧ ಹೊಡೆಸಿದೆ. ಆರಿದ್ರಾ ಮಳೆಯವರೆಗೂ ಹೊಸದೇ ಚೆನ್ನಾಗಿ ಕಂಡಿತು. ಅದಕ್ಕೆ ಎರಡನೇ ಸುತ್ತಿನಲ್ಲಿ ಜಾಸ್ತಿ ಮರಕ್ಕೆ ಹೊಸದನ್ನೇ ಹೊಡೆಸಿದೆ. ಪುನರ್ವಸು, ಪುಷ್ಯ ಎರಡೂ ಬಿಡದೆ ಸುರಿದವು. ಹೊಸದು ಹೊಡೆದ ಕಡೆ ಉದುರಿದ್ದೇ ಉದುರಿದ್ದು. ಔಷಧ ಕೆಟ್ಟದ್ದಾ, ಮಳೆ ಕೆಟ್ಟದ್ದಾ, ಈಗಲೂ ಗೊತ್ತಿಲ್ಲ. ರೋಗಿಗಳ ವಿಷಯದಲ್ಲೂ ಹೀಗೆ ಆಗುವುದಿಲ್ಲವಾ?

ಅಂಕಿಲೆಕ್ಕ ಮೈಸೂರು:
ಅಣ್ಣಾ, ನಮ್ಮ ಸಭೆಗಳಲ್ಲಿ ಗಂಟೆಗಟ್ಟಲೆ ಚರ್ಚೆ ಆಗುವ ವಿಷಯವನ್ನು ನೀವು ಹತ್ತು ಸಾಲಿನಲ್ಲಿ ಹೇಳಿಬಿಟ್ಟಿರಿ. ಹೌದು, ಹಾಗೇ ಆಗುತ್ತದೆ.

ಕೆಲವು ಪ್ರಯೋಗಗಳಲ್ಲಿ ಗೆಲ್ಲುತ್ತಿರುವ ಗುಂಪಿಗೆ ಜಾಸ್ತಿ ಜನರನ್ನು ಕಳಿಸುತ್ತಾ ಹೋಗುತ್ತಾರೆ. ಕೋವಿಡ್ ತರಹದ ಕಾಯಿಲೆಯಲ್ಲಿ ಮೊದಲ ಅಲೆ ಬೇರೆ, ಎರಡನೆಯದು ಬೇರೆ, ಜೊತೆಗೆ ಕೊಡುವ ಚಿಕಿತ್ಸೆಯೂ ಬೇರೆ. ಹೊಸ ಔಷಧದ ಗುಂಪಿನಲ್ಲಿ ಎರಡನೇ ಅಲೆಯವರೇ ಜಾಸ್ತಿ ಇದ್ದು, ಮಾಮೂಲಿ ಗುಂಪಿನಲ್ಲಿ ಮೊದಲ ಅಲೆಯವರು ಇದ್ದರೆ ಹೋಲಿಕೆಯೇ ಕೆಡುತ್ತದೆ. ಹಾಗಾಗಿ ಒಂದೇ ಹೊತ್ತಿನಲ್ಲಿ ಸೇರಿದವರನ್ನು ಮಾತ್ರ ಒಬ್ಬರಿಗೊಬ್ಬರು ಹೋಲಿಸಬೇಕು. ಅಬಿರಾಟೆರೋನ್ ಗುಂಪು 2011ರಲ್ಲಿ ಸೇರಿದಾಗ ಸ್ಟ್ಯಾಂಪೀಡ್‌ನಲ್ಲಿ ಹೀಗೇ ಮಾಡಿದರು. 2005ರಿಂದ ಇದ್ದ ಹಳೆಯ ರೋಗಿಗಳನ್ನು ಅದರ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಸುಮಾ ಅವರೇ, ಒಂದು ವಿಷಯ ಬಿಡಿಸಿ ಹೇಳಬೇಕು. ‘ಅಡಾಪ್ಟಿವ್’ ಅನ್ನುವುದು ಒಂದೇ ಜಾತಿಯಲ್ಲ. ಗುಂಪು ಮುಚ್ಚುವುದು, ಸೇರಿಸುವುದು ಒಂದು. ಎಷ್ಟು ಜನ ಬೇಕು ಅನ್ನುವುದನ್ನು ನಡುವೆ ಮತ್ತೆ ಲೆಕ್ಕ ಹಾಕುವುದು ಇನ್ನೊಂದು. ಗೆಲ್ಲುವ ಕಡೆ ಜಾಸ್ತಿ ಜನರನ್ನು ಹಾಕುವುದು ಮಗದೊಂದು. ನೀವು ಬರೆದದ್ದು ನೋಡಿದರೆ ಅಪ್ಪನದು ಮೊದಲನೆಯ ತರಹದ್ದು. ಅದು ಹೆಚ್ಚು ಪಳಗಿದ ದಾರಿ.

ಸಾಗರದ ಹುಡುಗ:
ತೋಟದಮನೆ ಅಣ್ಣ, ಕೊಳೆಗೆ ಬೋರ್ಡೋ ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಕೋಲ್ಮನ್ ಸಾಹೇಬರು 1910ರ ಹೊತ್ತಿಗೇ ತೋರಿಸಿಕೊಟ್ಟಿದ್ದರು. ಅದನ್ನು ಬಿಟ್ಟು ಅಂಗಡಿಯವನ ಮಾತು ಯಾಕೆ ಕೇಳಿದಿರಿ?

ತೋಟದಮನೆ ತೀರ್ಥಹಳ್ಳಿ:
ಬೋರ್ಡೋ ಕಾಸಲು ಜನ ಸಿಗಲಿಲ್ಲ ತಮ್ಮಾ. ಅಷ್ಟೇ ಕಾರಣ.

ಪುತ್ತೂರಿನವ:
ಬೋರ್ಡೋ ಕಾಸುವುದಲ್ಲ, ಸುಣ್ಣ ಮೈಲುತುತ್ತು ಬೇರೆ ಬೇರೆ ಕದಡಿ ಬೆರೆಸುವುದು.

ತೋಟದಮನೆ ತೀರ್ಥಹಳ್ಳಿ:
ಹೌದು, ಕದಡುವುದೇ. ಬರೆಯುವ ಅವಸರದಲ್ಲಿ ತಪ್ಪಾಯಿತು. ವಿಷಯಕ್ಕೆ ಬನ್ನಿ, ಆ ತಂಗಿ ಗುರುವಾರ ಉತ್ತರ ಕೊಡಬೇಕು.

ಹರಿಹರದ ವಿಜ್ಞಾನ ವಿದ್ಯಾರ್ಥಿ:
ಅಂಕಿಲೆಕ್ಕ ಸರ್, ಗೆಲ್ಲುವ ಕಡೆ ಜಾಸ್ತಿ ಜನರನ್ನು ಹಾಕುವುದೇ ಮಾನವೀಯ ಅಲ್ವಾ? 1933ರಲ್ಲೇ ಥಾಂಪ್ಸನ್ ಇದನ್ನು ಹೇಳಿದ್ದರು ಅಂತ ಓದಿದ್ದೇನೆ. ಒಂದು ಔಷಧ ಸೋಲುತ್ತಿರುವುದು ಕಂಡರೂ ಅರ್ಧ ಜನಕ್ಕೆ ಅದನ್ನೇ ಕೊಡುವುದು ಹೇಗೆ ಸರಿ?

ಕಲಬುರಗಿ ಡಾಕ್ಟರ್:
ಈ ಪ್ರಶ್ನೆಗೆ ನಾನು ಉತ್ತರ ಕೊಡುತ್ತೇನೆ. ಹಸುಗೂಸುಗಳ ಕಥೆ.

ಹುಟ್ಟಿದ ಕೂಡಲೇ ಶ್ವಾಸಕೋಶ ಕೆಲಸ ಮಾಡದ ಮಕ್ಕಳಿಗೆ ಎಕ್ಮೋ ಅನ್ನುವ ಯಂತ್ರ ಇದೆ. ರಕ್ತವನ್ನು ಹೊರಗೆ ತೆಗೆದು ಆಮ್ಲಜನಕ ಸೇರಿಸಿ ವಾಪಸ್ ಕಳಿಸುತ್ತದೆ. 1985ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಬಾರ್ಟ್‌ಲೆಟ್ ಮತ್ತು ಜೊತೆಗಾರರು ನೀವು ಹೇಳಿದ ತರಹದ ಪ್ರಯೋಗ ಪ್ರಕಟಿಸಿದರು. ಡಬ್ಬಿಯಲ್ಲಿ ಚೀಟಿ ಇದ್ದ ಹಾಗೆ. ಯಾವ ಚಿಕಿತ್ಸೆ ಗೆಲ್ಲುತ್ತದೋ ಅದರ ಚೀಟಿ ಹೆಚ್ಚುತ್ತದೆ. ಮೊದಲ ಮಗುವಿಗೆ ಎಕ್ಮೋ ಬಂತು, ಬದುಕಿತು. ಎರಡನೇ ಮಗುವಿಗೆ ಮಾಮೂಲಿ ಚಿಕಿತ್ಸೆ ಬಂತು, ತೀರಿಕೊಂಡಿತು. ಆಮೇಲಿನ ಹತ್ತೂ ಮಕ್ಕಳಿಗೆ ಎಕ್ಮೋ ಬಂತು, ಎಲ್ಲವೂ ಬದುಕಿದವು. ಒಟ್ಟು ಹನ್ನೆರಡು ಮಕ್ಕಳು. ಮಾಮೂಲಿ ಚಿಕಿತ್ಸೆಯಲ್ಲಿ ಒಂದೇ ಒಂದು ಮಗು.

ಆ ಒಂದು ಮಗುವಿನ ಮೇಲೆ ಯಾರು ತೀರ್ಮಾನ ಮಾಡುತ್ತಾರೆ ಹೇಳಿ? ಡಾಕ್ಟರುಗಳು ನಂಬಲಿಲ್ಲ. ಬೋಸ್ಟನ್ನಿನಲ್ಲಿ ಇನ್ನೊಂದು ಪ್ರಯೋಗ ಆಯಿತು, ಅದೂ ಸಾಕಾಗಲಿಲ್ಲ. ಕೊನೆಗೆ ಬ್ರಿಟನ್ನಿನಲ್ಲಿ 185 ಮಕ್ಕಳನ್ನು ಸಮನಾಗಿ ಹಂಚಿದರು. 1996ರಲ್ಲಿ ಫಲಿತಾಂಶ. ಎಕ್ಮೋ ಗುಂಪಿನ 93ರಲ್ಲಿ 30 ಸಾವು. ಮಾಮೂಲಿ ಗುಂಪಿನ 92ರಲ್ಲಿ 54 ಸಾವು. ಮೊದಲೇ ಸರಿಯಾಗಿ ಕೇಳಿದ್ದರೆ ಹತ್ತು ವರ್ಷ ಮುಂಚೆಯೇ ಉತ್ತರ ಸಿಗುತ್ತಿತ್ತು. ಆರಂಭದ ಕೆಲವು ಮಕ್ಕಳಿಗೆ ತೋರಿದ ದಯೆಗೆ ಆಮೇಲಿನ ಮಕ್ಕಳು ಬೆಲೆ ತೆತ್ತವು. ಇದನ್ನು ಓದಿದಾಗಲೆಲ್ಲಾ ನನಗೆ ನಿದ್ದೆ ಬರುವುದಿಲ್ಲ.

ಲೆಸ್ಟರ್ ಕನ್ನಡತಿ:
ನಮ್ಮೂರಿನ ಗ್ಲೆನ್‌ಫೀಲ್ಡ್ ಆಸ್ಪತ್ರೆ ಆ ಬ್ರಿಟನ್ ಪ್ರಯೋಗದ ಎಕ್ಮೋ ಕೇಂದ್ರಗಳಲ್ಲಿ ಒಂದು. ಡಾಕ್ಟರು ಒಂದು ಮಾತು ಬಿಟ್ಟಿದ್ದಾರೆ. ಅದನ್ನೂ ಕೊನೆಯವರೆಗೆ ಎಳೆಯಲಿಲ್ಲ. ನಡುವಿನ ಲೆಕ್ಕ ನೋಡಿದ ಸಮಿತಿಯೇ 1995ರಲ್ಲಿ ಮಕ್ಕಳನ್ನು ಸೇರಿಸುವುದು ಸಾಕು ಅಂದಿತು. ಅಲ್ಲೂ ನಡುವೆ ನೋಡಿದ್ದೇ ಕಾಪಾಡಿದ್ದು.

ಹರಿಹರದ ವಿಜ್ಞಾನ ವಿದ್ಯಾರ್ಥಿ:
ಡಾಕ್ಟ್ರೇ, ಹನ್ನೆರಡು ಮಕ್ಕಳ ಒಂದು ಪ್ರಯೋಗ ಹಿಡಿದು ಇಡೀ ವಿಧಾನವನ್ನೇ ತಳ್ಳಿಹಾಕುವುದು ಸರಿಯಾ? ಇವತ್ತು ಅಷ್ಟು ಬೇಗ ವಾಲುವ ಚೀಟಿ ಡಬ್ಬಿ ಯಾರೂ ಇಡುವುದಿಲ್ಲ. ಮೊದಲು ಎಲ್ಲಾ ಗುಂಪಿಗೂ ಸಮನಾಗಿ ಒಂದಷ್ಟು ಜನ, ಆಮೇಲೆ ನಿಧಾನವಾಗಿ ವಾಲಿಸುತ್ತಾರೆ. ಔಷಧಕ್ಕೆ ಬಗ್ಗದ ಟಿಬಿಗೆ ನಡೆದ ಎಂಡ್‌ಟಿಬಿ ಪ್ರಯೋಗದಲ್ಲಿ ಹೀಗೆ ಮಾಡಿದ್ದಾರೆ. ಏಳು ದೇಶ, 754 ಜನ, ಭಾರತವೂ ಅದರಲ್ಲಿತ್ತು.

ಕಲಬುರಗಿ ಡಾಕ್ಟರ್:
ತಳ್ಳಿಹಾಕುತ್ತಿಲ್ಲ ತಮ್ಮಾ. ಹೆಚ್ಚು ಗುಂಪು ಇದ್ದಾಗ ಅದು ಕೆಲಸಕ್ಕೆ ಬರುತ್ತದೆ, ಒಪ್ಪುತ್ತೇನೆ. ಎರಡೇ ಗುಂಪು ಇದ್ದರೆ ನಾನು ಸಮಪಾಲೇ ಕೇಳುತ್ತೇನೆ. ಕಾಂಗೋದ ಎಬೋಲಾ ಪ್ರಯೋಗ ನೋಡು. ನಾಲ್ಕು ಔಷಧ, 681 ಜನ, ಸಮಪಾಲು. 2019ರ ಆಗಸ್ಟ್‌ನಲ್ಲಿ ಸಮಿತಿ ನಿಲ್ಲಿಸಿತು. ಹೋಲಿಕೆಗೆ ಇಟ್ಟ ಜಿಮ್ಯಾಪ್‌ನಲ್ಲಿ ಸಾವು 49.7%, ಎರಡು ಹೊಸ ಔಷಧಗಳಲ್ಲಿ 35.1% ಮತ್ತು 33.5%. ಸಮವಾಗಿ ಹಂಚಿದರು, ಸರಿಯಾದ ಹೊತ್ತಿಗೆ ನಿಲ್ಲಿಸಿದರು. ಫಲಿತಾಂಶವನ್ನು ಯಾರೂ ಪ್ರಶ್ನಿಸುವ ಹಾಗಿರಲಿಲ್ಲ.

ಟಿಬಿ ಗೆದ್ದವನು:
ಟಿಬಿ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. 2014ರಲ್ಲಿ ನನಗೆ ಎಂಡಿಆರ್ ಟಿಬಿ, ಅಂದರೆ ಔಷಧಕ್ಕೆ ಬಗ್ಗದ ಟಿಬಿ. ಎರಡು ವರ್ಷ ಮಾತ್ರೆ, ತಿಂಗಳುಗಟ್ಟಲೆ ದಿನಾ ಇಂಜೆಕ್ಷನ್. ಎಡಗಿವಿ ಈಗಲೂ ಸರಿಯಾಗಿ ಕೇಳಿಸುವುದಿಲ್ಲ. ಆಮೇಲೆ ಟಿಬಿ ಪ್ರಾಕ್ಟಿಕಲ್ ಅನ್ನುವ ಪ್ರಯೋಗ ನಡೆಯಿತು. ಉಜ್ಬೇಕಿಸ್ತಾನ, ಬೆಲಾರಸ್, ದಕ್ಷಿಣ ಆಫ್ರಿಕಾ. ಎರಡನೇ ಹಂತ, ಮೂರನೇ ಹಂತ ಅಂತ ಬೇರೆ ಮಾಡದೆ ಒಂದರಲ್ಲೇ ಜೋಡಿಸಿದ್ದರು. ಲಾಭ ಅಷ್ಟು ಸ್ಪಷ್ಟವಾಗಿತ್ತು, 2021ರಲ್ಲಿ ಹೊಸಬರನ್ನು ಸೇರಿಸುವುದನ್ನೇ ಮುಂಚಿತವಾಗಿ ನಿಲ್ಲಿಸಿದರು. ಹಳೆಯ ಚಿಕಿತ್ಸೆಯಲ್ಲಿ ಒಳ್ಳೆಯ ಫಲಿತಾಂಶ 52%, ಆರು ತಿಂಗಳ ಮಾತ್ರೆಯಲ್ಲಿ 89%. ಇಂಜೆಕ್ಷನ್ ಇಲ್ಲ. 2024ರಲ್ಲಿ ನಮ್ಮ ಸರ್ಕಾರವೂ ಅದನ್ನು ಒಪ್ಪಿತು.

ಸುಮಾ ತಂಗಿ, ಪ್ರಯೋಗಕ್ಕೆ ಸೇರಿದ ಆ ಊರಿನವರನ್ನು ನಾನು ನೋಡಿಲ್ಲ. ಆದರೆ ನನ್ನ ನಂತರ ಬಂದವರ ಕಿವಿ ಉಳಿಸಿದವರು ಅವರು.

ಮಲ್ಲಿಗೆಬಳ್ಳಿ:
ಅಣ್ಣಾ, ಇದು ಓದಿದ ಮೇಲೆ ನಾನು ಮೊದಲು ಬರೆದ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೂ ಭಯ ಹೋಗಿಲ್ಲ. ತಪ್ಪಾಗಿ ನಿಲ್ಲಿಸಿದ್ದೂ ಇರಬೇಕಲ್ಲ?

ಅಂಕಿಲೆಕ್ಕ ಮೈಸೂರು:
ಇದೆ ಅಕ್ಕ. ಮರೆವಿನ ಕಾಯಿಲೆ ಆಲ್ಝೈಮರ್‌ಗೆ ಅಡುಕಾನುಮಾಬ್ ಅಂತ ಔಷಧ. ಎರಡು ಪ್ರಯೋಗ ಒಟ್ಟಿಗೆ ನಡೆಯುತ್ತಿದ್ದವು. 2019ರ ಮಾರ್ಚ್‌ನಲ್ಲಿ ನಡುವಿನ ಲೆಕ್ಕ ನೋಡಿ, ಗೆಲ್ಲುವ ಸಾಧ್ಯತೆ ಇಲ್ಲ ಅಂತ ಎರಡನ್ನೂ ನಿಲ್ಲಿಸಿದರು. ಅಷ್ಟರಲ್ಲಿ ಇನ್ನಷ್ಟು ರೋಗಿಗಳ ಮಾಹಿತಿ ಬಂದು ಸೇರಿತ್ತು. ಅದನ್ನೂ ಸೇರಿಸಿ ನೋಡಿದರೆ ಒಂದರಲ್ಲಿ ಲಾಭ, ಇನ್ನೊಂದರಲ್ಲಿ ಇಲ್ಲ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯ ಸಲಹಾ ಸಮಿತಿ ಬೇಡ ಅಂದಿತು. ಆದರೂ 2021ರಲ್ಲಿ ಅನುಮತಿ ಸಿಕ್ಕಿತು. 2024ರಲ್ಲಿ ಕಂಪನಿಯೇ ಕೈಬಿಟ್ಟಿತು. ಎರಡು ಪ್ರಯೋಗವೂ ಒಂದೇ ತರಹ ನಡೆಯುತ್ತಿವೆ ಅಂತ ಭಾವಿಸಿ ಲೆಕ್ಕ ಕೂಡಿಸಿದ್ದರು. ಆ ಭಾವನೆಯೇ ತಪ್ಪಾಗಿತ್ತು. ಮನೆಯವರಿಗೆ ಎಷ್ಟು ನೋವಾಗಿರಬೇಕು ಯೋಚಿಸಿ. ಬೇಡ, ಬೇಕು, ಮತ್ತೆ ಬೇಡ.

ನಿವೃತ್ತ ಗಣಿತ ಮೇಷ್ಟ್ರು:
ನಡುನಡುವೆ ನೋಡುತ್ತಾ ಸಾಕಾದ ಕೂಡಲೇ ನಿಲ್ಲಿಸುವ ಗಣಿತಕ್ಕೆ ಬುನಾದಿ ಹಾಕಿದವರು ಏಬ್ರಹಾಂ ವಾಲ್ಡ್. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದಲ್ಲಿ. ಯುದ್ಧ ಸಾಮಗ್ರಿಯ ಗುಣಮಟ್ಟ ಪರೀಕ್ಷೆಗೆ ಬೇಗ ತೀರ್ಮಾನ ಬೇಕಿತ್ತು. ಅವರು ತೀರಿಕೊಂಡಿದ್ದು ನಮ್ಮ ಪಕ್ಕದ ನೀಲಗಿರಿಯಲ್ಲಿ. ಭಾರತ ಸರ್ಕಾರ ಉಪನ್ಯಾಸಕ್ಕೆ ಕರೆಸಿತ್ತು. 1950ರ ಡಿಸೆಂಬರ್ 13ರಂದು ವಿಮಾನ ಬೆಟ್ಟಕ್ಕೆ ಅಪ್ಪಳಿಸಿತು. ಜೊತೆಯಲ್ಲಿ ಹೆಂಡತಿಯೂ ಇದ್ದರು. ಊಟಿಗೆ ಹೋದಾಗಲೆಲ್ಲಾ ನನಗೆ ಅವರ ನೆನಪಾಗುತ್ತದೆ.

ಕಮಿಟಿ ವಕೀಲ:
ನಾನು ಒಂದು ಎಥಿಕ್ಸ್ ಕಮಿಟಿಯಲ್ಲಿ ಕಾನೂನು ಸದಸ್ಯ. ಸುಮಾ ಅವರೇ, ಗುರುವಾರಕ್ಕೆ ಮುಂಚೆ ನೀವು ಮಾಡಬೇಕಾದ್ದು ಹೇಳುತ್ತೇನೆ.

ಸಮ್ಮತಿ ಪತ್ರದಲ್ಲಿ ಸಿಟಿಆರ್‌ಐ ನಂಬರ್ ಹುಡುಕಿ. ದೇಶದ ಔಷಧ ಪ್ರಯೋಗಗಳ ನೋಂದಣಿ ಅದು, 2007ರಿಂದ ಇದೆ, 2009ರಿಂದ ಕಡ್ಡಾಯ. ಆ ನಂಬರ್ ಹಾಕಿದರೆ ಯಾರು ನಡೆಸುತ್ತಿದ್ದಾರೆ, ಏನನ್ನು ಅಳೆಯುತ್ತಾರೆ, ಕೊನೆಯ ಸಲ ಯಾವಾಗ ತಿದ್ದಿದರು, ಎಲ್ಲಾ ಕಾಣುತ್ತದೆ. 2019ರ ನಿಯಮಗಳ ಪ್ರಕಾರ ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ ಎರಡೂ ಕೊಡಬೇಕು. ಯಾವಾಗ ಬೇಕಾದರೂ ಹೊರಗೆ ಬರಬಹುದು, ಕಾರಣ ಕೊಡಬೇಕಿಲ್ಲ, ಮಾಮೂಲಿ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ. ಕಮಿಟಿಯ ಫೋನ್ ನಂಬರ್ ಪತ್ರದಲ್ಲೇ ಇರಬೇಕು.

ಡಾಕ್ಟರಿಗೆ ನೇರವಾಗಿ ಕೇಳಿ: ಗುಂಪು ಮುಚ್ಚಿದರೆ ಅಪ್ಪನಿಗೆ ಯಾರು, ಎಷ್ಟು ದಿನದೊಳಗೆ ತಿಳಿಸುತ್ತಾರೆ? ಆಮೇಲೆ ಯಾವ ಚಿಕಿತ್ಸೆ? ಹೊಸ ಗುಂಪು ಸೇರಿದರೆ ಅಪ್ಪ ಅದಕ್ಕೆ ಹೋಗಬಹುದಾ? ಉತ್ತರ ಬಾಯಿಮಾತಿನಲ್ಲಿ ಬೇಡ, ಪತ್ರದಲ್ಲಿ ತೋರಿಸಲು ಹೇಳಿ.

ಇನ್ನೊಂದು. ಆ ಮೊದಲ ಸಾಲು ಅರ್ಥವಾಗಲಿಲ್ಲ ಅಂದಿರಿ. ಅದು ನಿಮ್ಮ ಕೊರತೆಯಲ್ಲ, ಪತ್ರದ ಕೊರತೆ. ಪ್ರತಿ ಕಮಿಟಿಯಲ್ಲೂ ವೈದ್ಯರಲ್ಲದ ಒಬ್ಬ ಸಾಮಾನ್ಯ ಸದಸ್ಯ ಇರಲೇಬೇಕು ಅಂತ ನಿಯಮ ಮಾಡಿರುವುದೇ ಇದಕ್ಕೆ. ಆ ಸದಸ್ಯರು ಇದನ್ನು ಓದಿಲ್ಲ ಅಂತ ಕಾಣುತ್ತದೆ. ಬರೆದು ಕೊಡಿ.

ಶೈಲಾ ಕೋಆರ್ಡಿನೇಟರ್:
‘ಯಾದೃಚ್ಛೀಕೃತ’ ಅಂತ ಓದಿದರೆ ಹತ್ತರಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ. ‘ಚೀಟಿ ಎತ್ತಿದ ಹಾಗೆ’ ಅಂದರೆ ಅಜ್ಜಿಯೂ ತಲೆಯಾಡಿಸುತ್ತಾರೆ. ಅನುವಾದ ಮಾಡುವ ಏಜೆನ್ಸಿಗೆ ಎಷ್ಟು ಸಲ ಹೇಳಿದ್ದೇನೋ.

ಕಡೂರು ಬಸವ:
‘ಹೊಂದಾಣಿಕಾ ವಿನ್ಯಾಸ’ಕ್ಕೆ ಏನು ಅನ್ನೋಣ? ‘ನೋಡಿಕೊಂಡು ತಿದ್ದುವ ಪ್ರಯೋಗ’?

ನಿವೃತ್ತ ಗಣಿತ ಮೇಷ್ಟ್ರು:
ತಿದ್ದುವುದು ಅಂದರೆ ಮೊದಲು ತಪ್ಪಿತ್ತು ಅನ್ನಿಸುತ್ತದೆ. ‘ಮೊದಲೇ ಬರೆದ ನಿಯಮದಂತೆ ನಡುವೆ ಬದಲಾಗುವ ಪ್ರಯೋಗ’ ಅನ್ನಿ. ಉದ್ದ ಆಯಿತು. ಆದರೆ ‘ಮೊದಲೇ ಬರೆದ’ ಅನ್ನುವುದನ್ನು ಬಿಡಬೇಡಿ.

ಸುಮಾ ದಾವಣಗೆರೆ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಗುರುವಾರ, ಆಸ್ಪತ್ರೆಯಿಂದ ವಾಪಸ್ ಬರುತ್ತಾ ರೈಲಿನಲ್ಲಿ ಬರೆಯುತ್ತಿದ್ದೇನೆ.

ವಕೀಲರು ಹೇಳಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಡಾಕ್ಟರು ಮುಕ್ಕಾಲು ಗಂಟೆ ಕೂತು ಮಾತಾಡಿದರು. ನಡುವೆ ಮೂರು ಸಲ ನೋಡುತ್ತಾರಂತೆ, ಹೊರಗಿನ ಸಮಿತಿ. ಎಲ್ಲಾ ಗುಂಪಿಗೂ ಸಮಪಾಲು, ವಾಲಿಸುವುದಿಲ್ಲ. ಯಾವ ಗುಂಪಿಗೆ ಬಂದರೂ ಈಗಿನ ಹಾರ್ಮೋನ್ ಚಿಕಿತ್ಸೆ ನಿಲ್ಲುವುದಿಲ್ಲ. ಗುಂಪು ಮುಚ್ಚಿದರೆ ಆ ಹೆಚ್ಚಿನ ಮಾತ್ರೆ ಮಾತ್ರ ನಿಲ್ಲುತ್ತದೆ, ತಪಾಸಣೆ ಮುಂದುವರಿಯುತ್ತದೆ. ಇದು ಹನ್ನೊಂದನೇ ಪುಟದಲ್ಲಿ ಇತ್ತು, ನಮಗೆ ಅರ್ಥವಾಗಿರಲಿಲ್ಲ ಅಷ್ಟೇ. ಹೊಸ ಗುಂಪು ಸೇರಿದರೆ ಅಪ್ಪ ಅದಕ್ಕೆ ಹೋಗುವ ಹಾಗಿಲ್ಲ. ಅದನ್ನು ಕೇಳಿ ಸ್ವಲ್ಪ ಬೇಜಾರಾಯಿತು. ಒಂದೇ ಹೊತ್ತಿನಲ್ಲಿ ಸೇರಿದವರನ್ನೇ ಹೋಲಿಸಬೇಕು ಅಂತ ಇಲ್ಲಿ ಓದಿದ್ದರಿಂದ ಕಾರಣ ತಿಳಿಯಿತು. ತೋಟದಮನೆ ಅಣ್ಣನ ಮಳೆಯ ಕಥೆಯನ್ನು ಅಪ್ಪನಿಗೆ ಹೇಳಿದ್ದೆ, ಅವರಿಗೆ ತಕ್ಷಣ ಅರ್ಥವಾಯಿತು.

ಅಪ್ಪ ಇನ್ನೂ ಸಹಿ ಮಾಡಿಲ್ಲ. ಸೋಮವಾರ ಮಾಡುತ್ತಾರಂತೆ. ಚಿಕ್ಕಪ್ಪನಿಗೂ ಒಂದು ಸಲ ಎಲ್ಲಾ ವಿವರಿಸಿ ಆಮೇಲೆ ಅಂದರು.

ಆ ಮೊದಲ ಸಾಲನ್ನು ರೈಲಿನಲ್ಲೇ ಅಪ್ಪನೂ ನಾನೂ ಹೀಗೆ ಬರೆದೆವು, ಅಲ್ಲಿನ ಕೋಆರ್ಡಿನೇಟರ್ ಕಮಿಟಿಗೆ ಕೊಡುತ್ತೇನೆ ಅಂದಿದ್ದಾರೆ: ‘ಈ ಪ್ರಯೋಗದಲ್ಲಿ ನಾಲ್ಕು ಗುಂಪುಗಳಿವೆ. ನೀವು ಯಾವ ಗುಂಪಿಗೆ ಅನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ. ನಡುವೆ ಮೂರು ಸಲ ಹೊರಗಿನವರ ಸಮಿತಿ ಫಲಿತಾಂಶ ನೋಡುತ್ತದೆ. ಮೊದಲೇ ಬರೆದಿಟ್ಟ ನಿಯಮದಂತೆ, ಉಪಯೋಗ ಕಾಣದ ಗುಂಪನ್ನು ನಿಲ್ಲಿಸುತ್ತಾರೆ. ನಿಮ್ಮ ಗುಂಪು ನಿಂತರೆ ನಿಮಗೆ ತಿಳಿಸುತ್ತಾರೆ.’

ಕಮಿಟಿ ವಕೀಲ:
ಚೆನ್ನಾಗಿದೆ. ಕೊನೆಯ ಸಾಲಿಗೆ ‘ಎಷ್ಟು ದಿನದೊಳಗೆ’ ಸೇರಿಸಿ. ಅದಿಲ್ಲದಿದ್ದರೆ ಯಾರೂ ಹೊಣೆಯಾಗುವುದಿಲ್ಲ.

ಶೈಲಾ ಕೋಆರ್ಡಿನೇಟರ್:
ಈ ಸಾಲುಗಳನ್ನು ನಮ್ಮ ಆಸ್ಪತ್ರೆಯ ಕಮಿಟಿಗೂ ತೋರಿಸಬಹುದಾ ಸುಮಾ?

ಸುಮಾ ದಾವಣಗೆರೆ:
ಖಂಡಿತ ತೋರಿಸಿ. ಅಪ್ಪ ಈಗ ಇನ್ನೊಂದು ತಿದ್ದುಪಡಿ ಹೇಳುತ್ತಿದ್ದಾರೆ. ‘ಚೀಟಿ ಎತ್ತಿದ ಹಾಗೆ’ ಅನ್ನುವ ಕಡೆ ‘ಕಂಪ್ಯೂಟರ್ ಚೀಟಿ ಎತ್ತುತ್ತದೆ, ಡಾಕ್ಟರ್ ಅಲ್ಲ’ ಅಂತ ಬರೆಯಬೇಕಂತೆ. ಬದಲಿಸುತ್ತಿದ್ದೇನೆ.